ಹೆಸರಿನ ಹಿಂದಿನ ವ್ಯಾಟು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಸ್ಸು ಮುಗಿಯಿತು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್ ಪ್ರತ್ಯೇಕ ನೋಂದಣಿಯ ದಾರಿ ಕೊಟ್ಟಿತಾದರೂ ಅದು ಮುಂದೂಡಿಕೆಯಷ್ಟೇ. ಹೋಗಲಿ, ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ 8ನೇ ಪೀಳಿಗೆಯದ್ದೋ ಆಮೇಲಿನದ್ದೋ ಆಗಿರಬೇಕು. ಹತ್ತು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮದರ್‌ಬೋರ್ಡ್ ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ ಚೌಕಾಸಿ ಮಾಡಿ ಜೋಡಿಸಿಕೊಂಡ ಗಟ್ಟಿಮುಟ್ಟಾದ ಕಂಪ್ಯೂಟರ್‌ಗಳೆಲ್ಲ ಈ ಪರೀಕ್ಷೆಯಲ್ಲಿ ಫೇಲಾದವು. ಕೆಟ್ಟಿಲ್ಲ, ನಿಂತಿಲ್ಲ, ಆದರೂ ಬದಲಿಸಬೇಕು.

ಬದಲಿಸುವ ಮಾತು ಬಂದ ಕೂಡಲೇ ಮನೆಯಲ್ಲೂ ಆಫೀಸಿನಲ್ಲೂ ಏಳುವ ಪ್ರಶ್ನೆ ಒಂದೇ: ಮತ್ತೆ ಆ ದೊಡ್ಡ ಡಬ್ಬ ಯಾಕೆ? ಈಗಿನ ದುಬಾರಿ ಲ್ಯಾಪ್‌ಟಾಪುಗಳ ಜಾಹೀರಾತು ನೋಡಿದರೆ ಪ್ರಶ್ನೆ ನ್ಯಾಯವೇ ಅನ್ನಿಸುತ್ತದೆ. 24 ಕೋರುಗಳ ಪ್ರೊಸೆಸರ್, 64 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 5090 ಗ್ರಾಫಿಕ್ಸ್. ಅತ್ಯುತ್ತಮ ಡೆಸ್ಕ್‌ಟಾಪಿನ ಪಟ್ಟಿಯಲ್ಲಿ ಇರುವ ಹೆಸರುಗಳೇ ಇಲ್ಲೂ ಇವೆ. ಭಾರತದಲ್ಲಿ ಇಂಥದ್ದೊಂದರ ಬೆಲೆ ನಾಲ್ಕು ಲಕ್ಷ ರೂಪಾಯಿ ದಾಟುತ್ತದೆ, ಅದೂ ಶೇ 18ರ ಜಿಎಸ್‌ಟಿ ಸೇರಿ. ಅಷ್ಟು ಸುರಿದ ಮೇಲೆ ಡೆಸ್ಕ್‌ಟಾಪ್ ಮಾಡುವುದನ್ನೆಲ್ಲ ಇದೂ ಮಾಡುತ್ತದೆ ಎಂದು ಕೊಳ್ಳುವವರು ನಂಬಿದರೆ ತಪ್ಪೇನು?

ತಪ್ಪು ನಂಬಿಕೆಯದ್ದಲ್ಲ, ಹೆಸರುಗಳದ್ದು. ಅದಕ್ಕೆ ಬರುವ ಮೊದಲು ಸ್ವಲ್ಪ ಹಳೆಯ ಕತೆ.

ಮೇಜಿನ ಕಂಪ್ಯೂಟರನ್ನು ಕೈಯಲ್ಲಿ ಎತ್ತಿಕೊಂಡು ಹೋಗುವ ಆಸೆ ವೈಯಕ್ತಿಕ ಕಂಪ್ಯೂಟರಿನಷ್ಟೇ ಹಳೆಯದು. 1981ರಲ್ಲಿ ಬಂದ ಆಸ್ಬಾರ್ನ್ 1 ಸುಮಾರು 11 ಕಿಲೊ ತೂಗುತ್ತಿತ್ತು. ಪರದೆ ಐದೇ ಅಂಗುಲ, ಒಳಗೆ ಬ್ಯಾಟರಿ ಇಲ್ಲ, ಬೆಲೆ 1,795 ಡಾಲರ್. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟಿದ್ದ ಅದನ್ನು ಜನ ಮುಗಿಬಿದ್ದು ಕೊಂಡರು. ಮೂವತ್ತೈದು ವರ್ಷ ದಾಟಿದ ಮೇಲೆ, 2017ರ ಆರಂಭದಲ್ಲಿ, ಏಸರ್ ಕಂಪನಿ ಪ್ರಿಡೇಟರ್ 21 ಎಕ್ಸ್ ಎಂಬ ಲ್ಯಾಪ್‌ಟಾಪಿಗೆ 8,999 ಡಾಲರ್ ಬೆಲೆ ಕಟ್ಟಿತು. 21 ಅಂಗುಲದ ಬಾಗಿದ ಪರದೆ, ಎರಡೆರಡು ಜಿಟಿಎಕ್ಸ್ 1080 ಗ್ರಾಫಿಕ್ಸ್ ಚಿಪ್, ತೂಕ ಎಂಟೂವರೆ ಕಿಲೊಗೂ ಮೇಲೆ. ತೊಡೆಯ ಮೇಲಿಟ್ಟುಕೊಂಡರೆ ತೊಡೆಯ ಗತಿ ದೇವರೇ ಬಲ್ಲ. ಶಕ್ತಿ ಬೇಕೆಂದರೆ ಶಾಖ ತಡೆದುಕೊಳ್ಳಬೇಕು, ಶಾಖ ಹೊರಹಾಕಲು ಲೋಹವೂ ಗಾಳಿಯೂ ಬೇಕು, ಇವೆರಡಕ್ಕೂ ಜಾಗ ಬೇಕು ಎಂಬ ಲೆಕ್ಕವನ್ನು ಏಸರ್ ಮುಚ್ಚಿಡದೆ ತೋರಿಸಿತ್ತು, ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ ಯಂತ್ರ.

ಡೆಲ್ ಕಂಪನಿಯ ಏಲಿಯನ್‌ವೇರ್ ಏರಿಯಾ-51ಎಂ ಕತೆ ಇನ್ನೊಂದು ಬಗೆಯದು. 2019ರ ಜನವರಿಯಲ್ಲಿ ತೋರಿಸಿದ ಈ ಲ್ಯಾಪ್‌ಟಾಪಿನೊಳಗೆ ಡೆಸ್ಕ್‌ಟಾಪಿನ ಪ್ರೊಸೆಸರನ್ನೇ, ತೆಗೆದು ಬದಲಿಸಬಹುದಾದ ಸಾಕೆಟ್ಟಿನಲ್ಲಿ ಕೂರಿಸಿದ್ದರು. ಗ್ರಾಫಿಕ್ಸ್ ಚಿಪ್ಪನ್ನೂ ಬಿಡಿ ಕಾರ್ಡಿನ ರೂಪದಲ್ಲಿ ಇಟ್ಟಿದ್ದರು. ಡೆಸ್ಕ್‌ಟಾಪಿನ ನಿಜವಾದ ಸುಖ ಎನ್ನಬಹುದಾದ, ಬಿಡಿಭಾಗ ಬದಲಿಸುವ ಸ್ವಾತಂತ್ರ್ಯ ಕೊನೆಗೂ ಲ್ಯಾಪ್‌ಟಾಪಿಗೆ ಬಂತೆಂದು ಕೊಂಡವರು ಹಿಗ್ಗಿದರು. ಮರುವರ್ಷ ಹೊಸ ಪೀಳಿಗೆಯ ಚಿಪ್‌ಗಳು ಬಂದಾಗ ಅವು ಹೊಸ ಮಾದರಿಯ ಲ್ಯಾಪ್‌ಟಾಪಿನಲ್ಲಿ ಬಂದವೇ ಹೊರತು ಹಳೆಯದಕ್ಕೆ ಕೂರಲಿಲ್ಲ. 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ವಿಚಾರವಾಗಿ ಕಂಪನಿಯ ಮೇಲೆ ದಾವೆ ಬಿತ್ತು. ಈಚೆಗೆ ಫ್ರೇಮ್‌ವರ್ಕ್ ಎಂಬ ಸಣ್ಣ ಕಂಪನಿ 2024ರಲ್ಲಿ ಮಾರಿದ 16 ಅಂಗುಲದ ಲ್ಯಾಪ್‌ಟಾಪಿಗೆ 2025ರಲ್ಲಿ ಹೊಸ ಗ್ರಾಫಿಕ್ಸ್ ಭಾಗ ಘೋಷಿಸಿ ಮಾತು ಉಳಿಸಿಕೊಂಡಿತು. ಉಳಿದ ಮಾರುಕಟ್ಟೆಯಲ್ಲಿ ಇಂಥದ್ದು ಅಪವಾದ. ಬಹುತೇಕ ಎಲ್ಲ ದುಬಾರಿ ಲ್ಯಾಪ್‌ಟಾಪುಗಳಲ್ಲೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಬೋರ್ಡಿಗೆ ಬೆಸುಗೆಯಾಗಿ ಕೂತಿರುತ್ತವೆ. ಡೆಸ್ಕ್‌ಟಾಪ್ ಕೊಳ್ಳುವವರು ಅರ್ಧ ನಿರ್ಧಾರ ಈಗ ಮಾಡಿ ಉಳಿದರ್ಧವನ್ನು ಎರಡು ವರ್ಷ ಬಿಟ್ಟು ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಎಲ್ಲ ನಿರ್ಧಾರವೂ ಬಿಲ್ ಆಗುವ ದಿನವೇ ಮುಗಿಯಬೇಕು.

ಈಗ ಹೆಸರಿನ ವಿಷಯ. ಎನ್‌ವಿಡಿಯಾ ಕಂಪನಿಯ ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 4090ಯಲ್ಲಿ 16,384 ‘ಕೂಡಾ’ (CUDA) ಕೋರುಗಳು, 24 ಜಿಬಿ ಮೆಮೊರಿ, ವಿದ್ಯುತ್ತಿನ ಮಿತಿ 450 ವ್ಯಾಟ್. ಅದೇ 4090 ಸಂಖ್ಯೆ ಹೊತ್ತ ಲ್ಯಾಪ್‌ಟಾಪ್ ಚಿಪ್‌ನಲ್ಲಿ 9,728 ಕೋರು, 16 ಜಿಬಿ ಮೆಮೊರಿ, ಹೆಚ್ಚೆಂದರೆ 175 ವ್ಯಾಟ್. ಇವೆರಡೂ ಒಂದೇ ಸಿಲಿಕಾನ್ ಕೂಡ ಅಲ್ಲ. ಲ್ಯಾಪ್‌ಟಾಪಿನದು ಡೆಸ್ಕ್‌ಟಾಪ್ 4080ರ ಚಿಪ್. ಮುಂದಿನ ಪೀಳಿಗೆಯಲ್ಲಿ ಅಂತರ ಇನ್ನೂ ಹಿಗ್ಗಿತು. ಡೆಸ್ಕ್‌ಟಾಪ್ 5090ಗೆ 21,760 ಕೋರು, 32 ಜಿಬಿ, 575 ವ್ಯಾಟ್. ಲ್ಯಾಪ್‌ಟಾಪ್ 5090ಗೆ 10,496 ಕೋರು, 24 ಜಿಬಿ, ಮತ್ತೆ ಅದೇ 175 ವ್ಯಾಟ್. ಹೆಸರಿನ ಕೊನೆಗೆ ‘ಲ್ಯಾಪ್‌ಟಾಪ್ ಜಿಪಿಯು’ ಎಂಬ ಬಾಲವೊಂದನ್ನು ಕಂಪನಿ ಅಂಟಿಸುತ್ತದೆ ನಿಜ, ಅಂಗಡಿಯ ಬೋರ್ಡಿನಲ್ಲಿ ಮಾತ್ರ ಆ ಬಾಲ ಕಾಣುವುದು ಅಪರೂಪ.

ಇದಕ್ಕಿಂತ ಹೆಚ್ಚು ಮೋಸ ಹೋಗುವ ಜಾಗ ಸ್ವಲ್ಪ ಕೆಳಗಿನ ಮೆಟ್ಟಿಲಲ್ಲಿದೆ. 4050, 4060, 4070 ಲ್ಯಾಪ್‌ಟಾಪ್ ಚಿಪ್‌ಗಳಿಗೆ ಎನ್‌ವಿಡಿಯಾ ನಿಗದಿ ಮಾಡಿದ ವಿದ್ಯುತ್ ವ್ಯಾಪ್ತಿ 35ರಿಂದ 115 ವ್ಯಾಟ್. ಅಂದರೆ ತೆಳ್ಳಗಿನ ಚಂದದ ಲ್ಯಾಪ್‌ಟಾಪಿನೊಳಗೆ 35 ವ್ಯಾಟಿನ ಆಸುಪಾಸಿನಲ್ಲಿ ಉಸಿರು ಬಿಗಿಹಿಡಿದು ಕೂತ 4070ಗೂ, ದಪ್ಪ ದೇಹದ ಯಂತ್ರದಲ್ಲಿ 115 ವ್ಯಾಟ್ ಕುಡಿಯುವ 4070ಗೂ ಹೆಸರು ಒಂದೇ. ದಪ್ಪ ದೇಹದ 4060 ಈ ತೆಳ್ಳಗಿನ 4070ಯನ್ನು ಹಿಂದೆ ಹಾಕುವುದರಲ್ಲಿ ಆಶ್ಚರ್ಯವೇನಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ. ಹಿಂದೆ ಕಡಿಮೆ ವ್ಯಾಟಿನವಕ್ಕೆ ‘ಮ್ಯಾಕ್ಸ್-ಕ್ಯೂ’ ಎಂಬ ಗುರುತಾದರೂ ಹೆಸರಿನಲ್ಲೇ ಇರುತ್ತಿತ್ತು. 2021ರಲ್ಲಿ 30ರ ಸರಣಿ ಬಂದಾಗ ಆ ಗುರುತೂ ಚಿಪ್ಪಿನ ಹೆಸರಿನಿಂದ ಹೋಯಿತು. ಟಿಜಿಪಿ ಎಂಬ ವ್ಯಾಟ್ ಲೆಕ್ಕವನ್ನು ತಯಾರಕರೇ ತಾಂತ್ರಿಕ ವಿವರದಲ್ಲಿ ಹೇಳಬೇಕೆಂದಾಯಿತು. ಈ ಟಿಜಿಪಿ ಅಂಕಿಯನ್ನು ಹುಡುಕಿ ಓದದೆ ಲ್ಯಾಪ್‌ಟಾಪ್ ಕೊಳ್ಳುವುದು ಕಣ್ಣು ಮುಚ್ಚಿ ದುಡ್ಡು ಕೊಟ್ಟಂತೆ. ಅಂಗಡಿಯವರಿಗೆ ಅದು ಗೊತ್ತಿಲ್ಲದಿದ್ದರೆ ಚಾರ್ಜರ್ ತಿರುಗಿಸಿ ನೋಡಿದರೂ ಸುಳಿವು ಸಿಗುತ್ತದೆ: 330 ವ್ಯಾಟ್ ಎಂದಿದ್ದರೆ ಯಂತ್ರಕ್ಕೆ ಮೈಯಿದೆ, 140 ಎಂದಿದ್ದರೆ ದೊಡ್ಡ ಹೆಸರಿನ ಗ್ರಾಫಿಕ್ಸ್ ಚಿಪ್ಪಿಗೆ ಅಲ್ಲಿ ಹೊಟ್ಟೆ ತುಂಬುವುದಿಲ್ಲ.

ಮೆಮೊರಿಯದೂ ಇದೇ ಹಾಡು. ಡೆಸ್ಕ್‌ಟಾಪ್ 5070ಗೆ 12 ಜಿಬಿ ಇದ್ದರೆ ಲ್ಯಾಪ್‌ಟಾಪ್ 5070ಗೆ 8 ಜಿಬಿ. 12 ಬೇಕೆಂದರೆ 5070 ಟಿಐಗೆ ಏರಬೇಕು, 16 ಬೇಕೆಂದರೆ 5080ಗೆ. ಐದು ವರ್ಷ ಬಾಳಬೇಕಾದ, ಡೆಸ್ಕ್‌ಟಾಪಿನ ಸ್ಥಾನ ತುಂಬಬೇಕಾದ ಯಂತ್ರಕ್ಕೆ 8 ಜಿಬಿ ಗ್ರಾಫಿಕ್ಸ್ ಮೆಮೊರಿ ಈಗಲೇ ಇಕ್ಕಟ್ಟು. ದುಡ್ಡಿನ ಲೆಕ್ಕ ಹಾಕುವವರಿಗೆ 5070 ಟಿಐ ಇರುವ ದಪ್ಪ ಲ್ಯಾಪ್‌ಟಾಪು, ಫಳಫಳ ಹೊಳೆಯುವ ತೆಳ್ಳನೆ 5080ಗಿಂತ ಹೆಚ್ಚು ವಿವೇಕದ ಆಯ್ಕೆ.

ಪ್ರೊಸೆಸರಿನ ವಿಷಯದಲ್ಲಿ ಮಾತ್ರ ಸುದ್ದಿ ಅಷ್ಟು ಕೆಟ್ಟದ್ದಲ್ಲ. ಇಂಟೆಲ್‌ನ 14900ಕೆ ಎಂಬ ಡೆಸ್ಕ್‌ಟಾಪ್ ಪ್ರೊಸೆಸರಿಗೆ 24 ಕೋರು, ಗರಿಷ್ಠ ವೇಗ 6 ಗಿಗಾಹರ್ಟ್ಸ್. ಲ್ಯಾಪ್‌ಟಾಪಿನ 14900ಎಚ್‌ಎಕ್ಸ್‌ಗೂ 24 ಕೋರು, ಗರಿಷ್ಠ 5.8. ಒಂದೇ ಕೋರಿನ ಮೇಲೆ ನಡೆಯುವ ಕೆಲಸಗಳಲ್ಲಿ, ಅಂದರೆ ಬ್ರೌಸರ್, ಎಕ್ಸೆಲ್, ಟ್ಯಾಲಿ, ಕಟ್ಟಡ ವಿನ್ಯಾಸದ ರೆವಿಟ್‌ನ ಬಹುಪಾಲು ಕೆಲಸ, ಇವುಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಕೋರುಗಳೂ ಅರ್ಧ ಗಂಟೆ ದುಡಿಯಬೇಕಾದಾಗ ಲೆಕ್ಕ ಬದಲಾಗುತ್ತದೆ. ಡೆಸ್ಕ್‌ಟಾಪಿನದು 253 ವ್ಯಾಟಿನವರೆಗೆ ಎಳೆದುಕೊಳ್ಳಬಲ್ಲದು; ಲ್ಯಾಪ್‌ಟಾಪಿನದರ ಮೂಲ ಮಿತಿ 55, ಅಲ್ಪಕಾಲದ ಏರಿಕೆ 157. ಈ ಎರಡು ಅಂಕಿಗಳ ನಡುವೆ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಇಂಟೆಲ್ ಅಲ್ಲ, ಲ್ಯಾಪ್‌ಟಾಪ್ ತಯಾರಕರು ಒಳಗಿಟ್ಟ ತಾಮ್ರದ ಕೊಳವೆ ಮತ್ತು ಫ್ಯಾನು. ಮೊದಲ ಎರಡು ನಿಮಿಷ ಕುದುರೆ ಓಟ, ಆಮೇಲೆ ನಡಿಗೆ. ಹೀಗಾಗಿ ಒಂದು ಸಲ ಓಡಿಸಿ ತೆಗೆದ ಅಂಕಕ್ಕಿಂತ ಅದೇ ಪರೀಕ್ಷೆಯನ್ನು ಹತ್ತಾರು ಬಾರಿ ಸತತವಾಗಿ ಓಡಿಸಿದಾಗ ಬರುವ ಅಂಕ ಮುಖ್ಯ. ನೋಟ್‌ಬುಕ್‌ಚೆಕ್‌ನಂಥ ವಿಮರ್ಶಕರು ಹೀಗೆ ಸತತ ಪರೀಕ್ಷೆ ಮಾಡಿ, ಜೊತೆಗೆ ಫ್ಯಾನಿನ ಸದ್ದನ್ನೂ ಮೇಲ್ಮೈ ಬಿಸಿಯನ್ನೂ ಅಳೆದು ಹೇಳುತ್ತಾರೆ.

ಸದ್ದಿನ ವಿಷಯ ಜಾಹೀರಾತಿನಲ್ಲಿ ಬರುವುದೇ ಇಲ್ಲ. ಪೂರ್ಣ ಶಕ್ತಿಯಲ್ಲಿ ಇಂಥ ಲ್ಯಾಪ್‌ಟಾಪುಗಳ ಫ್ಯಾನು 50 ಡೆಸಿಬೆಲ್ ದಾಟುವುದು ಮಾಮೂಲು. ಪಕ್ಕದಲ್ಲಿ ಮಗು ಮಲಗಿದ್ದರೆ ರೆಂಡರ್ ಹಾಕುವಂತಿಲ್ಲ.

ಶಾಖದ ಪಾಠಕ್ಕೆ ನಮ್ಮ ಊರುಗಳದ್ದೇ ಒಂದು ಅಡಿಟಿಪ್ಪಣಿ ಬೇಕು. ಆಪಲ್ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಬರೆದೇ ಕೊಟ್ಟಿದೆ. ಬೇರೆ ತಯಾರಕರ ಮಿತಿಯೂ ಹೆಚ್ಚುಕಡಿಮೆ ಇದೇ ಆಸುಪಾಸು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ದಾಟುತ್ತದೆ. ಎ.ಸಿ. ಇಲ್ಲದ ಕೋಣೆಯಲ್ಲಿ ಫ್ಯಾನು ಒಳಗೆ ಎಳೆದುಕೊಳ್ಳುವುದು ಆ ಬಿಸಿ ಗಾಳಿಯನ್ನೇ. ಎ.ಸಿ. ಕೋಣೆಯಲ್ಲಿ ಅಳೆದ ವೇಗ ಅಲ್ಲಿ ಸಿಗುವುದಿಲ್ಲ. ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನ್ ಇರುವ ಡೆಸ್ಕ್‌ಟಾಪಿಗೆ ಇಂಥ ಕಡೆ ಇನ್ನೂ ಬೆಲೆಯಿದೆ. ಧೂಳಿನದೂ ಇದೇ ಕತೆ. ಡೆಸ್ಕ್‌ಟಾಪಿನ ಬಾಗಿಲು ತೆಗೆದು ಬ್ಲೋವರ್ ಹಿಡಿದರೆ ಮುಗಿಯಿತು, ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಲು ಸಣ್ಣ ಸ್ಕ್ರೂ ಡ್ರೈವರೂ ದೊಡ್ಡ ಧೈರ್ಯವೂ ಬೇಕು.

ಕರೆಂಟ್ ಹೋದರೆ ಲ್ಯಾಪ್‌ಟಾಪೇ ವಾಸಿ ಎನ್ನುವುದು ಇನ್ನೊಂದು ವಾದ, ಅರ್ಧ ಸರಿ. ವಿಮಾನದಲ್ಲಿ ಪೂರ್ವಾನುಮತಿ ಇಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ಅದಕ್ಕೇ ಜಗತ್ತಿನ ಅತಿ ದೊಡ್ಡ ಲ್ಯಾಪ್‌ಟಾಪಿನ ಬ್ಯಾಟರಿಯೂ 99 ಚಿಲ್ಲರೆಗೆ ನಿಲ್ಲುತ್ತದೆ. ಗ್ರಾಫಿಕ್ಸ್ 175, ಪ್ರೊಸೆಸರ್ 55 ವ್ಯಾಟ್ ಎಳೆಯುವ ಯಂತ್ರ ಆ ಬ್ಯಾಟರಿಯ ಮೇಲೆ ಪೂರ್ಣ ವೇಗದಲ್ಲಿ ಓಡಿದರೆ ಅರ್ಧ ಗಂಟೆಯೂ ಬಾರದು. ಆದರೆ ಅದು ಪೂರ್ಣ ವೇಗದಲ್ಲಿ ಓಡುವುದೇ ಇಲ್ಲ. ಪ್ಲಗ್ ಕಿತ್ತ ಕೂಡಲೇ ಬ್ಯಾಟರಿ ಕೊಡಬಲ್ಲಷ್ಟಕ್ಕೆ ಎಲ್ಲವೂ ಕುಗ್ಗುತ್ತದೆ. ಕೆಲಸ ಉಳಿಯುತ್ತದೆ, ವೇಗ ಉಳಿಯುವುದಿಲ್ಲ. ಮನೆಯಲ್ಲಿರುವ ಹಳೆಯ 600 ವಿಎ ಯುಪಿಎಸ್‌ಗೆ ಈ ಲ್ಯಾಪ್‌ಟಾಪನ್ನು ಸಿಕ್ಕಿಸುವುದೂ ಜಾಣತನವಲ್ಲ, ಸಾಮಾನ್ಯವಾಗಿ ಅದು ತಡೆಯುವುದು 360 ವ್ಯಾಟ್ ಅಷ್ಟೇ. ಮಾನಿಟರನ್ನೂ ರೌಟರನ್ನೂ ಯುಪಿಎಸ್‌ಗೆ ಬಿಟ್ಟು ಲ್ಯಾಪ್‌ಟಾಪನ್ನು ನೇರ ಗೋಡೆಗೆ ಹಾಕಿದರೆ, ಕರೆಂಟ್ ಹೋದಾಗ ಅದು ತನ್ನ ಬ್ಯಾಟರಿಯಲ್ಲೇ ಸಂಭಾಳಿಸಿಕೊಳ್ಳುತ್ತದೆ.

ಪ್ಲಗ್ ಕಿತ್ತರೂ ಹೆಚ್ಚೇನೂ ಕುಗ್ಗದ ಲ್ಯಾಪ್‌ಟಾಪು ಎಂದರೆ ಆಪಲ್‌ನದು. 2021ರ ಅಕ್ಟೋಬರ್‌ನಲ್ಲಿ ಎಂ1 ಪ್ರೊ, ಎಂ1 ಮ್ಯಾಕ್ಸ್ ಚಿಪ್‌ಗಳೊಂದಿಗೆ ಬಂದ 14 ಮತ್ತು 16 ಅಂಗುಲದ ಮ್ಯಾಕ್‌ಬುಕ್ ಪ್ರೊಗಳು ಈ ಇಡೀ ಚರ್ಚೆಯ ದಿಕ್ಕನ್ನೇ ತಿರುಗಿಸಿದವು. ಕಡಿಮೆ ವ್ಯಾಟಿನಲ್ಲಿ ಹೆಚ್ಚು ಕೆಲಸ ತೆಗೆಯುವುದು ಅವುಗಳ ಗುಟ್ಟು. ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಒಂದೇ ಮೆಮೊರಿ ಹಂಚಿಕೆಯಾಗುವುದರಿಂದ ಇನ್ನೊಂದು ಲಾಭವೂ ಇದೆ. 2024ರ ಎಂ4 ಮ್ಯಾಕ್ಸ್ ಲ್ಯಾಪ್‌ಟಾಪನ್ನು 128 ಜಿಬಿ ಮೆಮೊರಿಯೊಂದಿಗೆ ಕೊಳ್ಳಬಹುದಿತ್ತು. 70 ಬಿಲಿಯನ್ ಪ್ಯಾರಾಮೀಟರುಗಳ ಭಾಷಾ ಮಾದರಿಯೊಂದನ್ನು ನಾಲ್ಕು ಬಿಟ್‌ಗೆ ಇಳಿಸಿದರೂ ಅದಕ್ಕೆ ಕನಿಷ್ಠ 35 ಜಿಬಿ ಜಾಗ ಬೇಕು; 24 ಜಿಬಿಯ ಲ್ಯಾಪ್‌ಟಾಪ್ 5090ಯೊಳಗೆ ಅದು ಹಿಡಿಸುವುದಿಲ್ಲ, ಈ ಮ್ಯಾಕ್‌ಬುಕ್ಕಿನಲ್ಲಿ ಹಿಡಿಸುತ್ತದೆ. ಹಾಗೆಂದು ಎಐ ಕಲಿಯುವ ವಿದ್ಯಾರ್ಥಿಗಳೆಲ್ಲ ಆಪಲ್ ಕಡೆ ಓಡುವ ಹಾಗಿಲ್ಲ. ಕೂಡಾ ಎಂಬ ಎನ್‌ವಿಡಿಯಾದ ವ್ಯವಸ್ಥೆಯ ಮೇಲೆ ಬರೆದ ಕೋಡು ಅಲ್ಲಿ ನಡೆಯುವುದಿಲ್ಲ. ರೆವಿಟ್, ಸಾಲಿಡ್‌ವರ್ಕ್ಸ್, 3ಡಿಎಸ್ ಮ್ಯಾಕ್ಸ್ ಕೂಡ ಮ್ಯಾಕ್‌ಗೆ ಇಲ್ಲ. ವಾಸ್ತುಶಿಲ್ಪಿಯೂ ಮೆಕ್ಯಾನಿಕಲ್ ಎಂಜಿನಿಯರೂ ಆಸೆ ಬಿಡಬೇಕಾದ್ದೇ.

ಹೀಗೆ ಮಾತು ಕೊನೆಗೆ ಬಂದು ನಿಲ್ಲುವುದು ಕೆಲಸದ ಬಳಿ. ಕರ್ನಾಟಕದ ಸಣ್ಣಪುಟ್ಟ ಊರುಗಳಲ್ಲೂ ಹೆಚ್ಚು ಶಕ್ತಿಯ ಕಂಪ್ಯೂಟರ್ ಹುಡುಕುವವರಲ್ಲಿ ಮದುವೆಯ ವಿಡಿಯೊ ಮಾಡುವ ಸ್ಟುಡಿಯೊದವರು ಮುಂದಿದ್ದಾರೆ. ಛತ್ರದಲ್ಲೇ ಕೂತು ಮುಹೂರ್ತದ ತುಣುಕನ್ನು ಆರತಕ್ಷತೆಯ ಹೊತ್ತಿಗೆ ದೊಡ್ಡ ಪರದೆಯ ಮೇಲೆ ತೋರಿಸಬೇಕು. ಅದಕ್ಕೆ ಡೆಸ್ಕ್‌ಟಾಪ್ ಹೊತ್ತು ತರಲಾಗದು. ಸೋನಿ, ಕ್ಯಾನನ್‌ನ ಈಚಿನ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಉಳಿಯಲೆಂದು 4ಕೆ ವಿಡಿಯೊವನ್ನು ಎಚ್.265 ರೂಪದಲ್ಲಿ 10 ಬಿಟ್, 4:2:2 ಎಂಬ ಬಗೆಯಲ್ಲಿ ದಾಖಲಿಸುತ್ತವೆ. ಈ ಬಗೆಯನ್ನು ಬಿಡಿಸಿ ಓದುವ ವಿಶೇಷ ಸರ್ಕ್ಯೂಟು ಚಿಪ್ಪಿನಲ್ಲಿ ಇರಬೇಕು, ಇಲ್ಲವಾದರೆ ಎಡಿಟಿಂಗ್ ಟೈಮ್‌ಲೈನು ತಡವರಿಸುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಅದು ಇದೆ, ಆಪಲ್‌ನ ಎಂ ಸರಣಿಯಲ್ಲಿ ಇದೆ. ಎನ್‌ವಿಡಿಯಾದಲ್ಲಿ? 50ರ ಸರಣಿ ಬರುವ ತನಕ ಇರಲಿಲ್ಲ.

ಇದರ ಪರಿಣಾಮ ತಮಾಷೆಯಾಗಿದೆ. ಎಎಂಡಿಯ 16 ಕೋರುಗಳ ರೈಜನ್ 9 7945ಎಚ್‌ಎಕ್ಸ್ ಮತ್ತು ಆರ್‌ಟಿಎಕ್ಸ್ 4090 ಇರುವ ಲಕ್ಷಾಂತರ ರೂಪಾಯಿಯ ಲ್ಯಾಪ್‌ಟಾಪಿನಲ್ಲಿ ಈ ಎರಡು ಚಿಪ್‌ಗಳಿಗೂ 4:2:2 ಎಚ್.265 ಬಿಡಿಸುವ ಸರ್ಕ್ಯೂಟಿಲ್ಲ, ಕೆಲಸವೆಲ್ಲ ಕೋರುಗಳ ತಲೆಗೆ ಬೀಳುತ್ತದೆ. ಅದರ ಅರ್ಧ ಬೆಲೆಯ ಇಂಟೆಲ್ ಯಂತ್ರದಲ್ಲಿ ಅದೇ ವಿಡಿಯೊ ಸರಾಗವಾಗಿ ಹಿಂದೆಮುಂದೆ ಜಾರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಮಕ್ಸ್ ಸ್ವಿಚ್ ಎಂಬುದಿರುತ್ತದೆ; ಪರದೆಯನ್ನು ನೇರವಾಗಿ ಎನ್‌ವಿಡಿಯಾ ಚಿಪ್ಪಿಗೆ ಜೋಡಿಸಿ ಆಟದ ವೇಗ ಹೆಚ್ಚಿಸುವುದು ಅದರ ಕೆಲಸ. ಅದನ್ನು ಆ ಬದಿಗೆ ತಿರುಗಿಸಿದರೆ ಬಹುಪಾಲು ಯಂತ್ರಗಳಲ್ಲಿ ಇಂಟೆಲ್‌ನ ಒಳ ಗ್ರಾಫಿಕ್ಸ್ ಪೂರ್ತಿ ಬಂದಾಗುತ್ತದೆ. ವೇಗ ಸಿಗಲೆಂದು ಅದುಮಿದ ಬಟನ್ನೇ ಹಳೆಯ ಎನ್‌ವಿಡಿಯಾ ಚಿಪ್ ಇರುವ ಎಡಿಟರನ ಟೈಮ್‌ಲೈನನ್ನು ನಿಧಾನಗೊಳಿಸುವುದು ಹೀಗೆ.

ಮುದ್ರಣಾಲಯದವರ ಸಂಕಟ ಬೇರೆ. ಪುಟ ವಿನ್ಯಾಸದ ತಂತ್ರಾಂಶ ಅಡೋಬಿ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಅಲ್ಲದ ಕನ್ನಡ ಫಾಂಟ್‌ಗಳಲ್ಲಿ ದಶಕಗಳ ಲಗ್ನಪತ್ರಿಕೆ, ಪುಸ್ತಕ, ಕರಪತ್ರಗಳ ಕಡತಗಳನ್ನು ಅದರಲ್ಲೇ ಇಟ್ಟುಕೊಂಡವರು ಇನ್ನೂ ಇದ್ದಾರೆ. ಇಂಥವರು ಬ್ಯಾಟರಿ ಚೆನ್ನಾಗಿ ಬರುತ್ತದೆಂದು ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಆರಿಸಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. 2024ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಯಂತ್ರಗಳ ಚಿಪ್ ಆರ್ಮ್ ಮಾದರಿಯದು. ಇಂಟೆಲ್‌ಗೆಂದು ಬರೆದ ಎಷ್ಟೋ ತಂತ್ರಾಂಶಗಳನ್ನು ಅನುಕರಣೆಯ ಮೂಲಕ ಅವು ಓಡಿಸುತ್ತವೆ, ಆದರೆ ಡ್ರೈವರ್‌ಗಳು ಮಾತ್ರ ಆರ್ಮ್‌ಗೆಂದೇ ಬರೆದಿರಬೇಕು. ಹಳೆಯ ಪ್ರಿಂಟರು, ಹಳೆಯ ತಂತ್ರಾಂಶದ ಜೊತೆ ಬಂದ ಹಾರ್ಡ್‌ವೇರ್ ಲಾಕು, ಇವುಗಳಿಗೆ ಹೊಸ ಡ್ರೈವರ್ ಬರೆದುಕೊಡುವವರು ಯಾರೂ ಇರಲಾರರು. ಪ್ರೆಸ್ಸಿಗೆ ಇಂಟೆಲ್ ಅಥವಾ ಎಎಂಡಿ ಸಾಕು, ಗ್ರಾಫಿಕ್ಸ್ ಚಿಪ್ಪಿಗೆ ಸುರಿಯುವ ದುಡ್ಡು ಒಳ್ಳೆಯ ಮಾನಿಟರಿಗೆ ಹೋಗಲಿ.

ರ‍್ಯಾಮ್ ಬಗ್ಗೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಎಷ್ಟಿದೆ ಎಂಬುದಲ್ಲ, ಹೇಗಿದೆ ಎಂಬುದು. ದಪ್ಪ ಲ್ಯಾಪ್‌ಟಾಪುಗಳಲ್ಲಿ ಎಸ್‌ಒ-ಡಿಮ್ ಎಂಬ ತೆಗೆದು ಹಾಕಬಹುದಾದ ಪಟ್ಟಿಗಳು ಇರುತ್ತವೆ, ತೆಳ್ಳಗಿನವುಗಳಲ್ಲಿ ಬೆಸುಗೆ. ಇವೆರಡರ ನಡುವಿನ ದಾರಿಯಾಗಿ ಡೆಲ್ 2022ರಲ್ಲಿ ಹೊರತಂದ ಕ್ಯಾಮ್ ಎಂಬ ಚಪ್ಪಟೆ ಮೆಮೊರಿ ಹಲಗೆ 2023ರ ಕೊನೆಗೆ ಉದ್ಯಮದ ಮಾನಕವಾಯಿತು. ಮರುವರ್ಷ ಲೆನೊವೊ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದರ ಕಡಿಮೆ ವಿದ್ಯುತ್ತಿನ ರೂಪ ಬಂತು. ಸ್ಲಾಟ್ ಇದ್ದರೆ ಈಗ ಕಡಿಮೆ ಕೊಂಡು ಮುಂದೆ ಸೇರಿಸಿಕೊಳ್ಳೋಣ ಎಂಬ ಹಳೆಯ ಜಾಣತನ ಸದ್ಯಕ್ಕೆ ಫಲಿಸುವಂತಿಲ್ಲ. ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ 2025ರ ಕೊನೆಯಲ್ಲಿ ಮೆಮೊರಿ ಬೆಲೆ ಜಿಗಿಯಿತು. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಚಿರಪರಿಚಿತವಾದ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಆ ವರ್ಷದ ಡಿಸೆಂಬರ್‌ನಲ್ಲಿ ಹೇಳಿತು. ಬೇಕಾದಷ್ಟನ್ನು ಮೊದಲೇ ಹಾಕಿಸಿಕೊಳ್ಳುವುದು ಲೇಸು: ವಿಡಿಯೊ ಕೆಲಸಕ್ಕೆ 32 ಜಿಬಿ ಕನಿಷ್ಠ, ದೊಡ್ಡ ಯೋಜನೆಗಳಿಗೆ 64.

ಸ್ಟೋರೇಜ್‌ನ ಚಿಂತೆ ಅಷ್ಟಿಲ್ಲ. ಬಹುತೇಕ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಎಂ.2 ಎಸ್‌ಎಸ್‌ಡಿ ಬದಲಿಸಬಹುದು. ಹಳೆಯ ಡೆಸ್ಕ್‌ಟಾಪಿನೊಳಗಿನ ಮೂರೂವರೆ ಅಂಗುಲದ ಹಾರ್ಡ್ ಡಿಸ್ಕುಗಳನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬಳಸಬಹುದು, ಅವಕ್ಕೆ ಪ್ರತ್ಯೇಕ ಪವರ್ ಅಡಾಪ್ಟರ್ ಬೇಕೆಂಬುದು ನೆನಪಿರಲಿ.

ಇಷ್ಟೆಲ್ಲ ಆದ ಮೇಲೂ ಮೇಜು ತಪ್ಪುವುದಿಲ್ಲ ಎನ್ನುವುದೇ ವಿಚಿತ್ರ. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯೂ ಪರದೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿಟ್ಟರೆ ಭುಜ ಏರುತ್ತದೆ. ದಿನಕ್ಕೆ ಎಂಟು ಗಂಟೆ ಕೂರುವವರಿಗೆ ಸ್ಟ್ಯಾಂಡು, ಬೇರೆ ಕೀಬೋರ್ಡು, 27 ಅಂಗುಲದ ಮಾನಿಟರು ಬೇಕೇಬೇಕು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಒಂದೇ ಕೇಬಲ್ ಸಿಕ್ಕಿಸಿದರೆ ಎಲ್ಲ ಸಿದ್ಧ ಎನ್ನುವ ಥಂಡರ್‌ಬೋಲ್ಟ್ ಡಾಕ್‌ಗಳು ಚೆನ್ನಾಗಿವೆ, ಆದರೆ ಅವು ಸಾಮಾನ್ಯವಾಗಿ ಕೊಡುವ ವಿದ್ಯುತ್ತು 100 ವ್ಯಾಟ್ ಸುತ್ತಮುತ್ತ. ಯುಎಸ್‌ಬಿ-ಸಿ ಮಾನಕ 2021ರಲ್ಲೇ 240 ವ್ಯಾಟಿಗೆ ಏರಿದ್ದರೂ 330 ಬೇಡುವ ಯಂತ್ರಕ್ಕೆ ಅದೂ ಸಾಲದು. ಬ್ಯಾಗಿನಲ್ಲಿ ಎರಡೂವರೆ ಕಿಲೊ ಲ್ಯಾಪ್‌ಟಾಪಿನ ಜೊತೆ ಮುಕ್ಕಾಲು ಕಿಲೊಗೂ ಮೀರಿದ ಇಟ್ಟಿಗೆಯಂಥ ಚಾರ್ಜರೂ ಕೂರಲೇಬೇಕು.

ಮಗ ಅಮೆರಿಕದಿಂದ ಬರುವಾಗ ತರಲಿ ಎನ್ನುವ ಮನೆಗಳೂ ಬೇಕಾದಷ್ಟಿವೆ. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಆ ಮಟ್ಟಿಗೆ ತೊಂದರೆಯಿಲ್ಲ. ವಾರಂಟಿಯ ವಿಷಯದಲ್ಲಿ ಮಾತ್ರ ಒಂದೊಂದು ಕಂಪನಿ, ಒಂದೊಂದು ಮಾದರಿಯ ನಿಯಮ ಒಂದೊಂದು ಥರ. ಡೆಸ್ಕ್‌ಟಾಪಿನಲ್ಲಿ ಪವರ್ ಸಪ್ಲೈ ಸುಟ್ಟರೆ ಅದನ್ನಷ್ಟೇ ಬದಲಿಸಿ ಸಂಜೆಗೆ ಕೆಲಸ ಶುರುಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಮದರ್‌ಬೋರ್ಡ್ ಹೋದರೆ ಪ್ರೊಸೆಸರೂ ಗ್ರಾಫಿಕ್ಸೂ ಅದರ ಜೊತೆಗೇ ಹೋದಂತೆ. ಆಗ ಉಳಿಸುವುದು ಮನೆಬಾಗಿಲಿಗೆ ಬರುವ ಮೂರು ವರ್ಷದ ವಾರಂಟಿ ಒಂದೇ. ವಿದೇಶದಲ್ಲಿ ಉಳಿಸಿದ ಇಪ್ಪತ್ತು ಮೂವತ್ತು ಸಾವಿರಕ್ಕೆ ಅದನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ನಿಜಕ್ಕೂ ಎಷ್ಟು ಜನಕ್ಕೆ ಇಂಥ ದುಬಾರಿ ಲ್ಯಾಪ್‌ಟಾಪ್ ಬೇಕು? ಡಬ್ಬ ದೊಡ್ಡದೆಂಬುದೇ ದೂರಾದರೆ 2024ರ ಮ್ಯಾಕ್ ಮಿನಿ 12.7 ಸೆಂಟಿಮೀಟರ್ ಚೌಕದ ಪೆಟ್ಟಿಗೆ, ಭಾರತಕ್ಕೆ ಬಂದಾಗ ಬೆಲೆ 59,900 ರೂಪಾಯಿಯಿಂದ ಶುರುವಾಗಿತ್ತು. ವಿಂಡೋಸ್‌ನಲ್ಲೂ ಅಂಗೈಯಗಲದ ಮಿನಿ ಪಿಸಿಗಳಿವೆ. ತಿಂಗಳಿಗೆರಡು ಸಲ ಮಾತ್ರ ಹೊರಗೆ ಹೋಗುವವರು ಶಕ್ತಿಯ ಡೆಸ್ಕ್‌ಟಾಪನ್ನು ಮನೆಯಲ್ಲೇ ಓಡಲು ಬಿಟ್ಟು, ಹಗುರ ಲ್ಯಾಪ್‌ಟಾಪಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದನ್ನು ಬಳಸಬಹುದು. ಎರಡೂ ಸೇರಿ ಒಂದು 5090 ಲ್ಯಾಪ್‌ಟಾಪಿಗಿಂತ ಅಗ್ಗ. ಛತ್ರದಲ್ಲಿ ಕೂತು ಎಡಿಟ್ ಮಾಡುವವರು, ಕಟ್ಟಡದ ಮಾದರಿಯನ್ನು ಗ್ರಾಹಕರ ಎದುರಿಗೇ ತಿರುಗಿಸಿ ತೋರಿಸಬೇಕಾದ ವಾಸ್ತುಶಿಲ್ಪಿ, ಹಾಸ್ಟೆಲಿನ ಒಂದೇ ಮೇಜಿನಲ್ಲಿ ಓದು ಆಟ ಎರಡೂ ನಡೆಸುವ ವಿದ್ಯಾರ್ಥಿ, ಇವರಿಗೆ ಬೇರೆ ದಾರಿಯಿಲ್ಲ. ಅವರಿಗೆ ಆ ದಪ್ಪ ಲ್ಯಾಪ್‌ಟಾಪೇ ಸರಿ.

ತಂದ ಮೇಲೆ ಮೊದಲ ದಿನ ಮಾಡಬೇಕಾದ ಕೆಲಸವೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಡೆಸ್ಕ್‌ಟಾಪಿನ ಜಾಗದಲ್ಲಿ ಕೂತ ಲ್ಯಾಪ್‌ಟಾಪಿಗೆ ದಿನವಿಡೀ ಚಾರ್ಜರ್ ಸಿಕ್ಕಿಸಿಯೇ ಇರುತ್ತದೆ. ಲಿಥಿಯಂ ಬ್ಯಾಟರಿ ಯಾವಾಗಲೂ ನೂರಕ್ಕೆ ನೂರು ತುಂಬಿದ್ದು, ಜೊತೆಗೆ ಬಿಸಿಯಲ್ಲೂ ಇದ್ದರೆ ಬೇಗ ಮುಪ್ಪಾಗುತ್ತದೆ. ಕೆಲವೊಮ್ಮೆ ಒಳಗೇ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ಎತ್ತುವುದೂ ಉಂಟು. ಲೆನೊವೊದ ವ್ಯಾಂಟೇಜ್, ಆಸುಸ್‌ನ ಮೈಆಸುಸ್‌ನಂಥ ಕಂಪನಿಗಳ ಆ್ಯಪ್‌ನಲ್ಲಿ ಚಾರ್ಜನ್ನು ಶೇ 80ರ ಸುತ್ತ ನಿಲ್ಲಿಸುವ ಆಯ್ಕೆ ಇರುತ್ತದೆ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಅದನ್ನು ಒತ್ತಿ, ಲ್ಯಾಪ್‌ಟಾಪಿನ ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ ಗಾಳಿಗೆ ದಾರಿ ಬಿಟ್ಟರೆ ಸಾಕು.